ಇಳಕಲ್ ಸೀರೆಯ ಅಂಗಡಿ ಗೂಗಲ್‌ಗೆ ಕಾಣಬೇಕಾದರೆ: ಜಾಲತಾಣ ಕಟ್ಟುವವರಿಗೆ ತಾಂತ್ರಿಕ ಎಸ್‌ಇಒ ಮಾರ್ಗದರ್ಶಿ

ಜಾಲತಾಣವೊಂದು ಗೂಗಲ್‌ನಲ್ಲಿ ಸಿಗುತ್ತಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೀವರ್ಡ್‌ಗಳ ವಿಚಾರಕ್ಕೆ ಹೋಗುವುದಿಲ್ಲ. ಪುಟಗಳನ್ನು ಓದಲು ಗೂಗಲ್ ಕಳುಹಿಸುವ ತಂತ್ರಾಂಶವಾದ ಬಾಟ್ ಆ ತಾಣದೊಳಗೆ ಬರಲು ಸಾಧ್ಯವಿದೆಯೇ, ಬಂದ ಮೇಲೆ ಅಲ್ಲಿರುವ ಕನ್ನಡವನ್ನು ಕನ್ನಡವೆಂದು ಓದಬಲ್ಲದೇ ಎಂಬ ಎರಡನ್ನು ಮಾತ್ರ ನೋಡುತ್ತೇನೆ. ಬಾಗಲಕೋಟೆ, ಬೆಳಗಾವಿ, ವಿಜಯಪುರದ ಕಡೆ ನಾನು ಬಿಚ್ಚಿ ನೋಡಿದ ಸಣ್ಣ ವ್ಯಾಪಾರಗಳ ತಾಣಗಳಲ್ಲಿ ಬಹುಪಾಲು ತೊಂದರೆ ಇಲ್ಲಿಯೇ ಇತ್ತು. ಹಣ ಮಾತ್ರ ಬೇರೆ ಕಡೆ ಹರಿದಿತ್ತು: ‘ಮೊದಲ ಪುಟಕ್ಕೆ ತಂದೇ ತರುತ್ತೇವೆ’ ಎಂದು ಮಾತು ಕೊಡುವವರ ಕಡೆಗೆ. ಮೊದಲ ಸ್ಥಾನದ ಖಾತರಿಯನ್ನು ಯಾರೂ ಕೊಡಲಾರರು ಎಂದು ಗೂಗಲ್ ತನ್ನ ಸಹಾಯ ಪುಟಗಳಲ್ಲಿ ಸ್ಪಷ್ಟವಾಗಿಯೇ ಬರೆದಿದೆ.

ತಾಂತ್ರಿಕ ಎಸ್‌ಇಒ ಎಂದರೆ ಹುಡುಕಾಟ ಯಂತ್ರಕ್ಕೆ ತಾಣವು ಸಿಗುವಂತೆ, ಓದಲು ಬರುವಂತೆ, ಗೊಂದಲವಾಗದಂತೆ ಮಾಡುವ ಕೆಲಸ. ಗೂಗಲ್ ಮೂರು ಹಂತಗಳಲ್ಲಿ ಕೆಲಸ ಮಾಡುತ್ತದೆ. ಬಾಟ್ ಕಳುಹಿಸಿ ಪುಟಗಳನ್ನು ತರಿಸಿಕೊಳ್ಳುವುದು ಕ್ರಾಲಿಂಗ್. ತಂದದ್ದನ್ನು ಓದಿ, ಅರ್ಥ ಮಾಡಿಕೊಂಡು, ಇಟ್ಟುಕೊಳ್ಳಲು ತಕ್ಕದ್ದೆಂದು ಕಂಡರೆ ಸೂಚಿಯಲ್ಲಿ ಸೇರಿಸುವುದು ಇಂಡೆಕ್ಸಿಂಗ್. ಯಾರಾದರೂ ಹುಡುಕಿದಾಗ ಆ ಸೂಚಿಯಿಂದ ಆರಿಸಿ ಕೊಡುವುದು ಕೊನೆಯದು. ಮೊದಲ ಹಂತದಲ್ಲಿ ಎಡವಿದ ಪುಟಕ್ಕೆ ಮೂರನೆಯ ಹಂತದ ಚಿಂತೆ ವ್ಯರ್ಥ. ಈ ಕಾರಣಕ್ಕೆ ಕೆಳಗಿನ ಹೆಜ್ಜೆಗಳನ್ನು ಅದೇ ಕ್ರಮದಲ್ಲಿ ಮಾಡಿ, ಮುಂದಿನದಕ್ಕೆ ಜಿಗಿಯಬೇಡಿ.

ಉದಾಹರಣೆಗೆ ಒಂದು ಕಲ್ಪಿತ ತಾಣವನ್ನು ಇಟ್ಟುಕೊಳ್ಳೋಣ. ಇಳಕಲ್‌ನ ನೇಕಾರ ಕುಟುಂಬವೊಂದು ಕೈಮಗ್ಗದ ಸೀರೆಗಳನ್ನೂ ಗುಳೇದಗುಡ್ಡದ ಖಣಗಳನ್ನೂ ಮಾರಲು ತಾಣ ಕಟ್ಟಿಸುತ್ತಿದೆ. ಗಿರಾಕಿಗಳು ಬಾಗಲಕೋಟೆ, ಬೆಳಗಾವಿಯಲ್ಲಿದ್ದಾರೆ. ಗಡಿಯಾಚೆ ಕೊಲ್ಲಾಪುರ, ಸೊಲ್ಲಾಪುರದಲ್ಲಿಯೂ ಇದ್ದಾರೆ.

ಹೆಜ್ಜೆ 1: ಗೂಗಲ್ ಏನನ್ನು ನೋಡುತ್ತಿದೆ ಎಂದು ನೋಡಿ

ಗೂಗಲ್ ಸರ್ಚ್ ಕನ್ಸೋಲ್ ಎಂಬ ಉಚಿತ ಸಾಧನಕ್ಕೆ ಹೋಗಿ ತಾಣವನ್ನು ಸೇರಿಸಿ. ಅಲ್ಲಿ ಎರಡು ಬಗೆಯ ನೋಂದಣಿ ಇದೆ. ಡೊಮೇನ್ ಎಂಬುದನ್ನು ಆರಿಸಿಕೊಳ್ಳಿ. ಡೊಮೇನ್ ಕೊಂಡ ಕಡೆಯ ಡಿಎನ್‌ಎಸ್ ವಿಭಾಗದಲ್ಲಿ ಒಂದು ಸಾಲಿನ ಟಿಎಕ್ಸ್‌ಟಿ ದಾಖಲೆ ಸೇರಿಸಿದರೆ ನೀವೇ ಮಾಲೀಕರೆಂದು ಗೊತ್ತಾಗುತ್ತದೆ, ತಾಣದ ಎಲ್ಲ ರೂಪಗಳ ಮಾಹಿತಿಯೂ ಒಂದೇ ಕಡೆ ಸಿಗುತ್ತದೆ.

ಒಳಗಿರುವ ಸಾಧನಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಯುಆರ್‌ಎಲ್ ಪರಿಶೀಲನೆ. ಒಂದು ಪುಟದ ವಿಳಾಸ ಕೊಟ್ಟರೆ ಅದು ಸೂಚಿಯಲ್ಲಿದೆಯೇ, ಇಲ್ಲದಿದ್ದರೆ ಏಕಿಲ್ಲ, ಬಾಟ್ ಕೊನೆಯ ಬಾರಿ ಯಾವಾಗ ಬಂದಿತ್ತು ಎಂಬುದನ್ನು ತೋರಿಸುತ್ತದೆ. ‘ಲೈವ್ ಪರೀಕ್ಷೆ’ ಒತ್ತಿದರೆ ಬಾಟ್‌ಗೆ ಸಿಕ್ಕಿದ, ಪುಟದ ಒಳಸಂಕೇತವಾದ ಎಚ್‌ಟಿಎಂಎಲ್ ಪೂರ್ತಿ ಕಾಣುತ್ತದೆ. ಅದರಲ್ಲಿ ನಿಮ್ಮ ಸೀರೆಯ ಹೆಸರು, ಬೆಲೆ, ವಿವರಣೆ ಇದೆಯೇ ಎಂದು ಹುಡುಕಿ. ಮೊಬೈಲಿನಲ್ಲಿ ನಿಮಗೆ ಕಾಣುವ ವಿವರಣೆ ಅಲ್ಲಿ ಇಲ್ಲವೆಂದರೆ, ಪುಟವು ಪೂರ್ತಿ ಬ್ರೌಸರ್‌ನೊಳಗೆ ಓಡುವ ಜಾವಾಸ್ಕ್ರಿಪ್ಟ್ ಮೇಲೆ ನಿಂತಿದೆ ಮತ್ತು ಎಲ್ಲೋ ಮುರಿದಿದೆ ಎಂದು ತಿಳಿಯಿರಿ. ಗೂಗಲ್‌ಗೆ ಜಾವಾಸ್ಕ್ರಿಪ್ಟ್ ಓಡಿಸಲು ಬರುತ್ತದೆ; ಆದರೆ ಅದು ಗುಂಡಿ ಒತ್ತುವುದಿಲ್ಲ, ಮನುಷ್ಯರಂತೆ ಪುಟವನ್ನು ಕೆಳಗೆ ಸರಿಸುತ್ತ ಹೋಗುವುದಿಲ್ಲ. ‘ಇನ್ನಷ್ಟು ಸೀರೆಗಳು’ ಎಂಬ ಗುಂಡಿಯ ಹಿಂದೆ ಮಾತ್ರ ಇರುವ ಸೀರೆ ಅದಕ್ಕೆ ಇಲ್ಲವೇ ಇಲ್ಲ. ಸಣ್ಣ ಅಂಗಡಿಗೆ ಸರ್ವರ್‌ನಿಂದಲೇ ಸಿದ್ಧ ಎಚ್‌ಟಿಎಂಎಲ್ ಬರುವ ತಾಣವೇ ಸಾಕು, ಅದೇ ಉತ್ತಮ.

ಹೆಜ್ಜೆ 2: ಅಡ್ಡಿಗಳನ್ನು ತೆಗೆಯಿರಿ

ವರ್ಡ್‌ಪ್ರೆಸ್‌ನಲ್ಲಿ ಕಟ್ಟಿದ ತಾಣವಾದರೆ ಸೆಟ್ಟಿಂಗ್ಸ್‌ನ ರೀಡಿಂಗ್ ವಿಭಾಗ ತೆರೆಯಿರಿ. ಹುಡುಕಾಟ ಯಂತ್ರಗಳು ಈ ತಾಣವನ್ನು ಸೂಚಿಗೆ ಸೇರಿಸದಂತೆ ಕೋರುವ ಒಂದು ಚೌಕ ಅಲ್ಲಿದೆ. ತಾಣ ಕಟ್ಟುವಾಗ ಅದನ್ನು ಗುರುತು ಮಾಡಿಟ್ಟು, ಉದ್ಘಾಟನೆಯ ಗಡಿಬಿಡಿಯಲ್ಲಿ ತೆಗೆಯಲು ಮರೆಯುವುದು ತೀರ ಸಾಮಾನ್ಯ. ಆ ಒಂದು ಗುರುತು ಪ್ರತಿ ಪುಟಕ್ಕೂ ನೋಇಂಡೆಕ್ಸ್ ಎಂಬ ಸೂಚನೆಯನ್ನು ಅಂಟಿಸುತ್ತದೆ. ಅದಿರುವ ತನಕ ಬೇರೇನು ಮಾಡಿದರೂ ಪ್ರಯೋಜನವಿಲ್ಲ.

ಎರಡನೆಯದು ರೋಬೋಟ್ಸ್ ಕಡತ. ಡೊಮೇನ್‌ನ ಬುಡದಲ್ಲಿರುವ ಈ ಪಠ್ಯ ಕಡತ ಬಾಟ್‌ಗಳು ಎಲ್ಲಿಗೆ ಹೋಗಬಾರದು ಎಂದು ಹೇಳುತ್ತದೆ. 1994ರಿಂದ ರೂಢಿಯಲ್ಲಿದ್ದ ಈ ಪದ್ಧತಿ 2022ರಲ್ಲಿ ಅಧಿಕೃತ ಅಂತರಜಾಲ ಮಾನಕವಾಗಿ ಪ್ರಕಟವಾಯಿತು. ‘ಡಿಸ್‌ಅಲೋ’ ಎಂಬುದರ ಮುಂದೆ ಬರಿಯ ಓರೆಗೆರೆಯೊಂದೇ ಇದ್ದರೆ ಇಡೀ ತಾಣಕ್ಕೆ ಬೀಗ ಬಿದ್ದಿದೆ ಎಂದರ್ಥ. ಕಾರ್ಟ್, ಲಾಗಿನ್, ಒಳಗಿನ ಹುಡುಕಾಟದ ಪುಟಗಳನ್ನು ತಡೆದರೆ ಸಾಕು. ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಕಡತಗಳನ್ನು ತಡೆಯಬೇಡಿ; ಅವಿಲ್ಲದೆ ಗೂಗಲ್‌ಗೆ ಪುಟದ ನಿಜವಾದ ರೂಪ ತಿಳಿಯುವುದಿಲ್ಲ.

ಅನುಭವಿಗಳೂ ಎಡವುವ ಒಂದು ಸೂಕ್ಷ್ಮ ಇಲ್ಲಿದೆ. ರೋಬೋಟ್ಸ್ ಕಡತದಲ್ಲಿ ತಡೆದ ಪುಟವು ಹುಡುಕಾಟದ ಫಲಿತಾಂಶದಲ್ಲಿ ಬರುವುದೇ ಇಲ್ಲ ಎಂದು ಭಾವಿಸಬೇಡಿ. ಬಾಗಿಲಿಗೆ ‘ಒಳಗೆ ಬರಬೇಡಿ’ ಎಂದು ಹಲಗೆ ತೂಗಿದ ಮಾತ್ರಕ್ಕೆ ಆ ಮನೆ ಊರಿನ ಮತದಾರರ ಪಟ್ಟಿಯಿಂದ ಹೋಗುವುದಿಲ್ಲ. ಬೇರೆ ತಾಣಗಳ ಕೊಂಡಿಗಳಿಂದ ವಿಳಾಸ ತಿಳಿದರೆ ಗೂಗಲ್ ಅದನ್ನು ವಿವರಣೆಯಿಲ್ಲದೆ ತೋರಿಸಬಹುದು. ಪುಟವನ್ನು ಸೂಚಿಯಿಂದಲೇ ತೆಗೆಸಬೇಕೆಂದರೆ ನೋಇಂಡೆಕ್ಸ್ ಹಾಕಬೇಕು, ಮತ್ತು ಆ ಸೂಚನೆಯನ್ನು ಓದಲು ಬಾಟ್‌ಗೆ ಪುಟದೊಳಗೆ ಬರಲು ಬಿಡಬೇಕು. ಎರಡನ್ನೂ ಒಟ್ಟಿಗೆ ಹಾಕಿದರೆ ನೋಇಂಡೆಕ್ಸ್ ಇದೆಯೆಂಬುದೇ ಗೂಗಲ್‌ಗೆ ಗೊತ್ತಾಗುವುದಿಲ್ಲ.

ಮೂರನೆಯ ಅಡ್ಡಿ ಸರ್ವರ್‌ನಲ್ಲಿರುತ್ತದೆ. ಗೂಗಲ್‌ಬಾಟ್ ಹೆಚ್ಚಾಗಿ ಅಮೆರಿಕದ ಐಪಿ ವಿಳಾಸಗಳಿಂದ ಬರುತ್ತದೆ. ದಾಳಿಗಳ ಭಯದಿಂದ ‘ಭಾರತದ ಹೊರಗಿನವರಿಗೆ ಪ್ರವೇಶವಿಲ್ಲ’ ಎಂದು ಫೈರ್‌ವಾಲ್ ಹಾಕಿದರೆ ಗೂಗಲ್ ಕೂಡ ಹೊರಗುಳಿಯುತ್ತದೆ. ತಾಣ ನಿಮ್ಮೂರಿನಲ್ಲಿ ಚೆನ್ನಾಗಿ ತೆರೆದುಕೊಳ್ಳುತ್ತದೆ, ಸರ್ಚ್ ಕನ್ಸೋಲ್‌ನಲ್ಲಿ ಮಾತ್ರ ದೋಷ ಬರುತ್ತದೆ ಎಂದಾಗ ನಾನು ಮೊದಲು ಅನುಮಾನಿಸುವುದು ಇದನ್ನೇ.

ಹೆಜ್ಜೆ 3: ಕನ್ನಡ ನಿಜವಾಗಿಯೂ ಕನ್ನಡವೇ?

ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಈ ಹೆಜ್ಜೆ ಇರುವುದಿಲ್ಲ. ನಮಗೆ ಇದೇ ಮುಖ್ಯ.

ನಮ್ಮ ಮುದ್ರಣಾಲಯಗಳಲ್ಲಿ ಕರಪತ್ರ, ಬಿಲ್ ಪುಸ್ತಕ, ಲಗ್ನಪತ್ರಿಕೆಗಳು ವರ್ಷಗಟ್ಟಲೆ ನುಡಿ, ಬರಹ, ಶ್ರೀಲಿಪಿಗಳ ಹಳೆಯ ಅಕ್ಷರಶೈಲಿಗಳಲ್ಲಿ ಸಿದ್ಧವಾಗಿವೆ. ಅವುಗಳಲ್ಲಿ ಪರದೆಯ ಮೇಲೆ ಕಾಣುವುದು ಕನ್ನಡ, ಒಳಗಿರುವುದು ಲ್ಯಾಟಿನ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಆ ಫಾಂಟ್ ಇಲ್ಲದ ಕಡೆ ಅದು ಅರ್ಥವಿಲ್ಲದ ಅಕ್ಷರಗಳ ರಾಶಿ. ಅಂಗಡಿಯ ಹಳೆಯ ಕರಪತ್ರದಿಂದ ಪಠ್ಯವನ್ನು ನಕಲಿಸಿ ತಾಣಕ್ಕೆ ಅಂಟಿಸಿದರೆ, ಫಾಂಟ್ ಜೋಡಿಸಿದ್ದರಿಂದ ನೋಡುವವರಿಗೆ ಕನ್ನಡ ಕಾಣಬಹುದು. ಗೂಗಲ್‌ಗೆ ಅಲ್ಲಿ ಒಂದು ಕನ್ನಡ ಅಕ್ಷರವೂ ಇರುವುದಿಲ್ಲ. ಪಿಡಿಎಫ್ ಕ್ಯಾಟಲಾಗ್‌ಗಳ ಗತಿಯೂ ಇದೇ.

ಪರೀಕ್ಷೆ ಸುಲಭ. ಪುಟದಿಂದ ಒಂದು ಸಾಲನ್ನು ನಕಲಿಸಿ ವಾಟ್ಸ್‌ಆ್ಯಪ್ ಸಂದೇಶದಲ್ಲಿ ಅಂಟಿಸಿ. ಕನ್ನಡವಾಗಿಯೇ ಬಂದರೆ ಅದು ಯೂನಿಕೋಡ್, ಅಂದರೆ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಜಾಗತಿಕ ಪದ್ಧತಿ. ಗೋಜಲು ಬಂದರೆ ಪರಿವರ್ತಕ ಬಳಸಿ ಬದಲಿಸಿ. ಪರಿವರ್ತನೆಯಾದ ಮೇಲೆ ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಒಬ್ಬರು ಕೂತು ಓದಿ ತಿದ್ದಬೇಕು, ಯಂತ್ರ ತಪ್ಪುವುದು ಅಲ್ಲಿಯೇ.

ಯೂನಿಕೋಡ್‌ನಲ್ಲಿಯೂ ಕಣ್ಣಿಗೆ ಕಾಣದ ತಪ್ಪುಗಳಿವೆ. ಅನುಸ್ವಾರದ ಬದಲು ಕನ್ನಡದ ಸೊನ್ನೆ ಅಂಕಿಯನ್ನು ಒತ್ತುವುದು ಅವುಗಳಲ್ಲಿ ಒಂದು. ‘ಕೆಂಪು’ ಮತ್ತು ‘ಕೆ೦ಪು’ ಎರಡೂ ನಿಮಗೆ ಒಂದೇ ರೀತಿ ಕಾಣುತ್ತವೆ. ಎರಡನೆಯದರಲ್ಲಿರುವುದು ಬಿಂದುವಲ್ಲ, ಅಂಕಿ. ಕೆಂಪು ಸೀರೆ ಹುಡುಕುವವರ ಪದಕ್ಕೂ ನಿಮ್ಮ ಪದಕ್ಕೂ ಅಕ್ಷರಶಃ ಹೊಂದಿಕೆ ಇರುವುದಿಲ್ಲ. ಇಡೀ ತಾಣದ ಪಠ್ಯದಲ್ಲಿ ಕನ್ನಡದ ಸೊನ್ನೆಯನ್ನು ಹುಡುಕಿ, ಅಕ್ಷರಗಳ ನಡುವೆ ಬಂದಲ್ಲೆಲ್ಲ ಅನುಸ್ವಾರ ಹಾಕಿ.

ಇನ್ನು ಬ್ಯಾನರ್‌ಗಳು. ‘ಅಪ್ಪಟ ಇಳಕಲ್ ಕೈಮಗ್ಗದ ಸೀರೆ’ ಎಂದು ದೊಡ್ಡದಾಗಿ ಬರೆಸಿದ ಚಿತ್ರವನ್ನೇ ಮುಖಪುಟದ ತುಂಬ ಹಾಕಿ, ಪಠ್ಯದಲ್ಲಿ ಆ ಮಾತು ಎಲ್ಲಿಯೂ ಇಲ್ಲದ ತಾಣಗಳು ಬಹಳ. ಚಿತ್ರದೊಳಗಿನ ಅಕ್ಷರವನ್ನು ಯಂತ್ರ ಓದುತ್ತದೆ ಎಂದು ನಂಬಿ ಕೂರಬೇಡಿ. ಹೇಳಬೇಕಾದದ್ದನ್ನು ಶೀರ್ಷಿಕೆಯಲ್ಲಿ, ವಾಕ್ಯದಲ್ಲಿ ಬರೆಯಿರಿ. ಚಿತ್ರದಲ್ಲೇನಿದೆ ಎಂದು ಹೇಳುವ ಆಲ್ಟ್ ಪಠ್ಯ ಕೊಡುವಾಗ ‘ಸೀರೆ’ ಎಂದಷ್ಟೇ ಹೇಳದೆ ‘ಚಿಕ್ಕಿಪರಾಸ ದಡಿಯ ಕೆಂಪು ಇಳಕಲ್ ಸೀರೆ, ತೋಪು ತೆನೆ ಸೆರಗು’ ಎಂದು ಬರೆಯಿರಿ. ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಓದುವುದೂ ಇದನ್ನೇ, ಹೀಗಾಗಿ ಅದು ಮನುಷ್ಯರಿಗೆ ಬರೆದ ವಾಕ್ಯದಂತಿರಲಿ.

ಹೆಜ್ಜೆ 4: ಒಂದು ಪುಟಕ್ಕೆ ಒಂದೇ ವಿಳಾಸ

ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್, ಮುಂದೆ ಮೂರು ಡಬ್ಲ್ಯು ಇರುವುದು, ಇಲ್ಲದಿರುವುದು: ಇಷ್ಟರಿಂದಲೇ ಒಂದು ಮುಖಪುಟಕ್ಕೆ ನಾಲ್ಕು ವಿಳಾಸಗಳಾದವು. ಒಂದನ್ನು ಆರಿಸಿ, ಉಳಿದ ಮೂರನ್ನೂ 301 ಎಂಬ ಶಾಶ್ವತ ಮರುನಿರ್ದೇಶನದಿಂದ ಅದಕ್ಕೇ ತಿರುಗಿಸಿ. ಆರಿಸುವುದು ಎಚ್‌ಟಿಟಿಪಿಎಸ್ ಆಗಿರಲಿ. 2014ರಿಂದ ಗೂಗಲ್ ಅದನ್ನು ಶ್ರೇಯಾಂಕದ ಒಂದು ಸಣ್ಣ ಸಂಕೇತವೆಂದು ಪರಿಗಣಿಸುತ್ತಿದೆ. ಪ್ರಮಾಣಪತ್ರಕ್ಕೆ ಹಣ ಕೊಡಬೇಕಿಲ್ಲ, ಲೆಟ್ಸ್ ಎನ್‌ಕ್ರಿಪ್ಟ್ ಉಚಿತವಾಗಿ ಕೊಡುತ್ತದೆ.

ಪುಟಗಳ ವಿಳಾಸವನ್ನು ಕನ್ನಡದಲ್ಲಿ ಇಡಬೇಕೇ ಎಂದು ಕೇಳುವವರು ಹೆಚ್ಚು. ಗೂಗಲ್‌ಗೆ ಕನ್ನಡ ವಿಳಾಸ ಅರ್ಥವಾಗುತ್ತದೆ, ತಡೆಯೇನಿಲ್ಲ. ತೊಂದರೆ ಬಳಕೆಯಲ್ಲಿದೆ. ವಿಳಾಸದಲ್ಲಿ ಕನ್ನಡದ ಪ್ರತಿ ಸಂಕೇತವೂ ಒಳಗೆ ಮೂರು ಬೈಟ್‌ಗಳಾಗಿ, ಒಂಬತ್ತು ಲ್ಯಾಟಿನ್ ಚಿಹ್ನೆಗಳಾಗಿ ಹಿಗ್ಗುತ್ತದೆ. ‘ಇಳಕಲ್’ ಎಂಬುದರಲ್ಲಿ ಹಲಂತದ ಗುರುತು ಸೇರಿ ಐದು ಸಂಕೇತಗಳಿವೆ, ವಾಟ್ಸ್‌ಆ್ಯಪ್‌ನಲ್ಲಿ ಹಂಚಿದಾಗ ಅದು 45 ಚಿಹ್ನೆಗಳ ಗೋಜಲಾಗಬಹುದು. ‘ಇಳಕಲ್-ಸೀರೆ’ ಎಂಬುದಕ್ಕೆ 82 ಚಿಹ್ನೆ ಬೇಕು. ಲ್ಯಾಟಿನ್ ಲಿಪಿಯಲ್ಲಿ ಇದೇ 11ರಲ್ಲಿ ಮುಗಿಯುತ್ತದೆ. ವರ್ಡ್‌ಪ್ರೆಸ್ ಈ ಹಿಗ್ಗಿದ ರೂಪವನ್ನೇ 200 ಚಿಹ್ನೆಗಳ ಮಿತಿಯಲ್ಲಿ ಉಳಿಸಿಕೊಳ್ಳುವುದರಿಂದ ಸುಮಾರು 22 ಕನ್ನಡ ಸಂಕೇತಗಳಾಚೆಗೆ ವಿಳಾಸ ತುಂಡಾಗುತ್ತದೆ. ಉದ್ದ ಶೀರ್ಷಿಕೆಗಳ ಎರಡು ಪುಟಗಳು ಒಂದೇ ರೀತಿ ತುಂಡಾಗಿ, ಕೊನೆಗೆ 2 ಎಂಬ ಅಂಕಿ ಅಂಟಿಸಿಕೊಂಡು ನಿಲ್ಲುವುದು ಇದರಿಂದಲೇ.

ಅದಕ್ಕಿಂತ ಕೆಟ್ಟದ್ದು ಕಾಣದ ಅಕ್ಷರ. ‘ಇಳಕಲ್‌ನ’ ಎಂದು ಸರಿಯಾಗಿ ಮೂಡಲು ಲ ಮತ್ತು ನ ಕೂಡದಂತೆ ನಡುವೆ ಅಗಲವಿಲ್ಲದ ಒಂದು ಅಕ್ಷರ ಕೂರುತ್ತದೆ. ವಿಳಾಸದಲ್ಲಿ ಅದಿದ್ದರೆ ಒಂದು ಪುಟ, ಇಲ್ಲದಿದ್ದರೆ ಬೇರೆಯೇ ಪುಟ. ಹಾಗೆಯೇ ‘ಕೊ’ದಲ್ಲಿರುವ ಒತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವಗಳ ಎರಡು ಸಂಕೇತಗಳಾಗಿಯೂ ಬರೆಯಬಹುದು, ಕಣ್ಣಿಗೆ ಒಂದೇ, ಸರ್ವರ್‌ಗೆ ಎರಡು. ಈ ಎಲ್ಲ ಕಾರಣಗಳಿಂದ ನನ್ನ ಸಲಹೆ: ವಿಳಾಸ ಚಿಕ್ಕದಾಗಿ, ಸಣ್ಣ ಲ್ಯಾಟಿನ್ ಅಕ್ಷರಗಳಲ್ಲಿ, ಪದಗಳ ನಡುವೆ ಹೈಫನ್ ಹಾಕಿ ಇರಲಿ. ಶೀರ್ಷಿಕೆ, ತಲೆಬರಹ, ಪಠ್ಯವೆಲ್ಲ ಕನ್ನಡದಲ್ಲಿ ತುಂಬಿರಲಿ. ಕನ್ನಡದ ಗೌರವ ಪಠ್ಯದಲ್ಲಿದೆ. ಈಗಾಗಲೇ ಕನ್ನಡ ವಿಳಾಸದಲ್ಲಿ ಚೆನ್ನಾಗಿ ನಡೆಯುತ್ತಿರುವ ತಾಣವನ್ನು ಇದಕ್ಕಾಗಿ ಬದಲಿಸಲು ಹೋಗಬೇಡಿ.

ಒಂದೇ ಸರಕು ಹಲವು ವಿಳಾಸಗಳಲ್ಲಿ ತೆರೆದುಕೊಳ್ಳುವುದು ಅನಿವಾರ್ಯವಾದಾಗ ಕೆನಾನಿಕಲ್ ಕೊಂಡಿ ಬಳಸಿ. ಪುಟದ ತಲೆಭಾಗದಲ್ಲಿ ‘ಇದರ ಮೂಲ ವಿಳಾಸ ಇದು’ ಎಂದು ಹೇಳುವ ಒಂದು ಸಾಲು ಅದು. ಗೂಗಲ್ ಅದನ್ನು ಆಜ್ಞೆಯಾಗಿ ತೆಗೆದುಕೊಳ್ಳುವುದಿಲ್ಲ, ಸುಳಿವಾಗಿ ನೋಡುತ್ತದೆ. ಹೀಗಾಗಿ ಒಳಗಿನ ಕೊಂಡಿಗಳು, ತಾಣದ ವಿಳಾಸಗಳ ಪಟ್ಟಿಯಾದ ಸೈಟ್‌ಮ್ಯಾಪ್, ಕೆನಾನಿಕಲ್ ಮೂರೂ ಒಂದೇ ವಿಳಾಸವನ್ನು ಹೇಳಬೇಕು. ಬಣ್ಣ, ದಡಿ, ಬೆಲೆ ಎಂದು ಶೋಧಕಗಳಿರುವ (ಫಿಲ್ಟರ್) ಅಂಗಡಿಯಲ್ಲಿ ಎಂಟು ಬಣ್ಣ, ನಾಲ್ಕು ದಡಿ, ಐದು ಬೆಲೆಯ ಹಂತಗಳಿದ್ದರೆ 160 ವಿಳಾಸಗಳು ತಾವಾಗಿಯೇ ಹುಟ್ಟುತ್ತವೆ, ಇರುವ ಸೀರೆ ಮಾತ್ರ ಅಷ್ಟೇ. ಅಂಥ ಶೋಧಕ ವಿಳಾಸಗಳನ್ನು ರೋಬೋಟ್ಸ್ ಕಡತದಲ್ಲಿ ತಡೆಯುವುದು ಸೂಕ್ತ.

ಹೆಜ್ಜೆ 5: ತಾಣದ ಒಳಹರವು

ಸೀರೆಯ ಜ್ಞಾನವೇ ಇಲ್ಲಿ ತಾಣದ ರಚನೆಯಾಗಬೇಕು. ಇಳಕಲ್ ಸೀರೆಯನ್ನು ಬಲ್ಲವರು ದಡಿಯನ್ನು ಹೆಸರಿಟ್ಟು ಕೇಳುತ್ತಾರೆ: ಚಿಕ್ಕಿಪರಾಸ, ಗೋಮಿ. ಕಸೂತಿ ಬೇಕಾದವರು ಗವಂತಿ, ಮುರ್ಗಿ, ನೇಯ್ಗೆ, ಮೆಂತಿ ಎಂಬ ಹೊಲಿಗೆಗಳನ್ನು ಕೇಳುತ್ತಾರೆ. ಹತ್ತಿಯ ಒಡಲಿಗೆ ರೇಷ್ಮೆಯ ಸೆರಗನ್ನು ಕೊಂಡಿ ಹಾಕಿ ಕೂಡಿಸುವ ತೋಪು ತೆನೆಯ ಬಗ್ಗೆ ತಿಳಿಯಬೇಕೆನ್ನುವವರೂ ಇದ್ದಾರೆ. ಇವು ಒಂದೊಂದಕ್ಕೂ ಒಂದು ಪುಟ ಬೇಕು. ಮುಖಪುಟದಿಂದ ವಿಭಾಗಕ್ಕೆ, ವಿಭಾಗದಿಂದ ಸೀರೆಗೆ ಎರಡು ಮೂರು ಒತ್ತುಗಳಲ್ಲಿ ತಲುಪುವಂತಿರಲಿ. ‘ಇಲ್ಲಿ ಒತ್ತಿ’ ಎಂದು ಕೊಂಡಿ ಕೊಡದೆ ‘ಗೋಮಿ ದಡಿಯ ಸೀರೆಗಳು’ ಎಂಬ ಪದಗಳಿಗೇ ಕೊಂಡಿ ಕೊಡಿ. ಕೊಂಡಿ ಎಂದರೆ ವಿಳಾಸವಿರುವ ನಿಜವಾದ ಎಚ್‌ಟಿಎಂಎಲ್ ಕೊಂಡಿ. ಜಾವಾಸ್ಕ್ರಿಪ್ಟ್ ಮೂಲಕ ಹಾರಿಸುವ ಗುಂಡಿಗಳನ್ನು ಬಾಟ್ ಹಿಂಬಾಲಿಸುವುದಿಲ್ಲ.

ಕೈಮಗ್ಗದ ಅಂಗಡಿಗೆ ವಿಶೇಷವಾದ ಪ್ರಶ್ನೆ ಇನ್ನೊಂದಿದೆ. ಆ ಬಣ್ಣದ, ಆ ದಡಿಯ ಸೀರೆ ಒಂದೇ ಇರುತ್ತದೆ. ಮಾರಿಹೋದ ಮೇಲೆ ಅದರ ಪುಟ ಏನಾಗಬೇಕು? ಅಳಿಸಿದ ಪುಟಗಳನ್ನೆಲ್ಲ ಮುಖಪುಟಕ್ಕೆ ತಿರುಗಿಸುವುದು ಸುಲಭವೆನಿಸುತ್ತದೆ, ಗೂಗಲ್ ಅದನ್ನು ಮಾರುವೇಷದ 404 (‘ಪುಟ ಸಿಗಲಿಲ್ಲ’ ಎಂಬ ಉತ್ತರ) ಎಂದೇ ನೋಡುತ್ತದೆ. ಹೋಲುವ ಸೀರೆಯ ಪುಟವಿದ್ದರೆ ಅಲ್ಲಿಗೆ 301 ಕೊಡಿ. ಏನೂ ಇಲ್ಲದಿದ್ದರೆ 404 ಅಥವಾ ‘ಪುಟ ಶಾಶ್ವತವಾಗಿ ಹೋಗಿದೆ’ ಎನ್ನುವ 410 ಕೊಡುವುದು ಪ್ರಾಮಾಣಿಕ ಉತ್ತರ, ಅದರಿಂದ ತಾಣಕ್ಕೆ ಕೆಡುಕಿಲ್ಲ. ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾಗುವ ದಾರಿ ಬೇರೆ: ಪುಟವನ್ನು ಸೀರೆಗೆ ಕಟ್ಟದೆ ವಿನ್ಯಾಸಕ್ಕೆ ಕಟ್ಟುವುದು. ‘ಚಿಕ್ಕಿಪರಾಸ ದಡಿ, ತೋಪು ತೆನೆ ಸೆರಗು’ ಎಂಬ ಪುಟ ಉಳಿಯುತ್ತದೆ, ಅದರೊಳಗೆ ಈಗ ಮಗ್ಗದಿಂದ ಇಳಿದಿರುವ ಸೀರೆಗಳು ಬದಲಾಗುತ್ತವೆ. ಆ ಪುಟಕ್ಕೆ ವರ್ಷಗಳ ಕಾಲ ಗಳಿಕೆಯಾದ ಮನ್ನಣೆ ಹಾಗೆಯೇ ಉಳಿಯುತ್ತದೆ.

ಸೈಟ್‌ಮ್ಯಾಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ವರ್ಡ್‌ಪ್ರೆಸ್ 2020ರ 5.5ನೆಯ ಆವೃತ್ತಿಯಿಂದ ಅದನ್ನು ತಾನೇ ತಯಾರಿಸುತ್ತದೆ. ಒಂದು ಕಡತದಲ್ಲಿ 50,000 ವಿಳಾಸಗಳ ಮಿತಿಯಿದೆ, ನಮಗೆ ಅದು ಸಾಕಷ್ಟಾಯಿತು. ಸರ್ಚ್ ಕನ್ಸೋಲ್‌ನಲ್ಲಿ ಒಮ್ಮೆ ಸಲ್ಲಿಸಿ. ಆದ್ಯತೆ, ಬದಲಾವಣೆಯ ಆವರ್ತನ ಎಂಬ ಅಂಕಣಗಳನ್ನು ಗೂಗಲ್ ನೋಡುವುದಿಲ್ಲ. ಕೊನೆಯ ಬದಲಾವಣೆಯ ದಿನಾಂಕವನ್ನು ಮಾತ್ರ, ಅದೂ ನಿಜವಾಗಿದ್ದರೆ, ನಂಬುತ್ತದೆ.

ಹೆಜ್ಜೆ 6: ಕನ್ನಡ, ಮರಾಠಿ, ಇಂಗ್ಲಿಷ್

ಬೆಳಗಾವಿಯ ಅಂಗಡಿಗಳಲ್ಲಿ ಒಂದೇ ದಿನ ಮೂರು ಭಾಷೆಗಳಲ್ಲಿ ವ್ಯಾಪಾರ ನಡೆಯುತ್ತದೆ. ತಾಣದಲ್ಲಿಯೂ ಹಾಗೆ ನಡೆಯಬೇಕೆಂದರೆ ಒಂದು ಪುಟದಲ್ಲಿ ಮೂರು ಭಾಷೆಗಳನ್ನು ಸಾಲಾಗಿ ಪೇರಿಸಬೇಡಿ. ಪ್ರತಿ ಭಾಷೆಗೂ ಪ್ರತ್ಯೇಕ ವಿಳಾಸವಿರುವ ಪುಟ ಬೇಕು, ಮೆನು ಸಹ ಅದೇ ಭಾಷೆಯಲ್ಲಿರಬೇಕು. ಪುಟದ ಭಾಷೆ ಯಾವುದೆಂದು ಗೂಗಲ್ ಕಣ್ಣಿಗೆ ಕಾಣುವ ಪಠ್ಯದಿಂದಲೇ ನಿರ್ಧರಿಸುತ್ತದೆ; ಎಚ್‌ಟಿಎಂಎಲ್‌ನಲ್ಲಿ ಬರೆದ ಭಾಷೆಯ ಗುರುತನ್ನು ಅದಕ್ಕೆ ಬಳಸುವುದಿಲ್ಲ. ಆದರೂ ಆ ಗುರುತು ಹಾಕಿ, ಸ್ಕ್ರೀನ್ ರೀಡರ್‌ಗಳಿಗೆ ಅದು ಬೇಕು.

ಈ ಮೂರು ಪುಟಗಳು ಒಂದೇ ಪುಟದ ಮೂರು ರೂಪಗಳು ಎಂದು ತಿಳಿಸುವುದು ಎಚ್‌ರೆಫ್‌ಲ್ಯಾಂಗ್. ಕನ್ನಡ ಪುಟವು ತನ್ನನ್ನೂ ಮರಾಠಿ, ಇಂಗ್ಲಿಷ್ ಪುಟಗಳನ್ನೂ ಹೆಸರಿಸಬೇಕು. ಉಳಿದೆರಡೂ ಹಾಗೆಯೇ ಮಾಡಬೇಕು. ಒಂದು ಇನ್ನೊಂದನ್ನು ಹೆಸರಿಸಿ, ಆ ಇನ್ನೊಂದು ಇದನ್ನು ಹೆಸರಿಸದಿದ್ದರೆ ಆ ಸಂಬಂಧವನ್ನು ಗೂಗಲ್ ಕಡೆಗಣಿಸುತ್ತದೆ. ಯಾವ ಭಾಷೆಗೂ ಹೊಂದದವರಿಗಾಗಿ ಎಕ್ಸ್-ಡೀಫಾಲ್ಟ್ ಎಂಬ ಸಾಲನ್ನೂ ಸೇರಿಸಬಹುದು.

ಸಂಕೇತದಲ್ಲಿ ಎಚ್ಚರವಿರಲಿ. ಕನ್ನಡದ ಸಂಕೇತ ಕೆ-ಎನ್, ಮರಾಠಿಯದು ಎಂ-ಆರ್. ನಮ್ಮ ವಾಹನಗಳ ನಂಬರ್ ಪ್ಲೇಟ್ ನೋಡಿ ಅಭ್ಯಾಸವಾದವರು ಕೆ-ಎ ಎಂದು ಹಾಕಿಬಿಡುತ್ತಾರೆ. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದು ಜಾರ್ಜಿಯನ್ ಭಾಷೆ. ಕೆನಾನಿಕಲ್ ಕೂಡ ಆಯಾ ಭಾಷೆಯ ಪುಟ ತನ್ನನ್ನೇ ತೋರಿಸುವಂತಿರಬೇಕು. ಕನ್ನಡ ಪುಟದ ಕೆನಾನಿಕಲ್ ಇಂಗ್ಲಿಷ್ ಪುಟವನ್ನು ತೋರಿಸುತ್ತಿದ್ದರೆ, ‘ಕನ್ನಡದ್ದನ್ನು ಬಿಡಿ’ ಎಂದು ನೀವೇ ಗೂಗಲ್‌ಗೆ ಹೇಳಿದಂತೆ. ಅಗ್ಗದ ಟೆಂಪ್ಲೇಟ್‌ಗಳಲ್ಲಿ ಈ ದೋಷ ನನಗೆ ಮತ್ತೆ ಮತ್ತೆ ಸಿಕ್ಕಿದೆ, ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಬಂದವರ ಬ್ರೌಸರ್ ಭಾಷೆ ನೋಡಿ ತಾನಾಗಿಯೇ ಇಂಗ್ಲಿಷ್ ಪುಟಕ್ಕೆ ತಳ್ಳುವ ವ್ಯವಸ್ಥೆ ಬೇಡ. ನಮ್ಮಲ್ಲಿ ಫೋನನ್ನು ಇಂಗ್ಲಿಷಿನಲ್ಲಿಟ್ಟು ಕನ್ನಡ ಓದುವವರೇ ತುಂಬ ಜನ. ಬಾಟ್ ಕೂಡ ಭಾಷೆಯ ಆಯ್ಕೆಯನ್ನು ಹೇಳಿಕೊಂಡು ಬರುವುದಿಲ್ಲ. ಮೇಲ್ಭಾಗದಲ್ಲಿ ಮೂರು ಭಾಷೆಗಳ ಕೊಂಡಿ ಇಡಿ, ಆಯ್ಕೆ ಅವರದಾಗಲಿ.

ಹೆಜ್ಜೆ 7: ಊರಿನ ಹೆಸರು ಮತ್ತು ರಚಿತ ದತ್ತಾಂಶ

2014ರ ನವೆಂಬರ್ 1ರಂದು ಬೆಳಗಾವಿ, ವಿಜಯಪುರ ಹೆಸರುಗಳು ಇಂಗ್ಲಿಷಿನಲ್ಲಿಯೂ ಅಧಿಕೃತವಾದವು. ಹುಡುಕುವವರ ಬೆರಳಿನಲ್ಲಿ ಹಳೆಯ ರೂಪಗಳು ಇನ್ನೂ ಉಳಿದಿವೆ. ವಿಜಯಪುರಕ್ಕೆ ಇನ್ನೊಂದು ತೊಡಕಿದೆ: ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲ್ಲೂಕಿನಲ್ಲಿಯೂ ಒಂದು ವಿಜಯಪುರವಿದೆ. ಗೋಳಗುಮ್ಮಟದ ಪಕ್ಕದ ವಸತಿಗೃಹ ತನ್ನ ತಾಣದಲ್ಲಿ ಬರಿಯ ‘ವಿಜಯಪುರ’ ಎಂದು ಬರೆದು ಸುಮ್ಮನಾದರೆ ಯಂತ್ರಕ್ಕೆ ಯಾವ ಊರೆಂದು ಸುಳಿವು ಕಡಿಮೆ. ಸಂಪರ್ಕ ಪುಟದಲ್ಲಿ ಜಿಲ್ಲೆ, ರಾಜ್ಯ, ಪಿನ್‌ಕೋಡ್ ಸಹಿತ ಪೂರ್ಣ ವಿಳಾಸ ಬರೆಯಿರಿ. ಪಠ್ಯದಲ್ಲಿ ಒಂದೆಡೆ ಸಹಜವಾಗಿ ‘ಹಿಂದಿನ ಬಿಜಾಪುರ’ ಎಂದು ಬಂದರೆ ಸಾಕು.

ಹಳೆಯ ಹೆಸರಿಗೊಂದು, ಹೊಸ ಹೆಸರಿಗೊಂದು ಪುಟ ಮಾಡಬೇಡಿ. ಅಥಣಿ, ಚಿಕ್ಕೋಡಿ, ಗೋಕಾಕ, ಜಮಖಂಡಿ ಎಂದು ಊರಿನ ಹೆಸರು ಮಾತ್ರ ಬದಲಿಸಿದ ಇಪ್ಪತ್ತು ಪುಟಗಳನ್ನೂ ಮಾಡಬೇಡಿ. ಇವು ಗೂಗಲ್‌ನ ಸ್ಪ್ಯಾಮ್ ನೀತಿಯಲ್ಲಿ ಡೋರ್‌ವೇ ಪುಟಗಳು, ದಂಡನೆಗೆ ಅರ್ಹ. ಗೋಕಾಕದಲ್ಲಿ ನಿಜವಾಗಿಯೂ ಶಾಖೆ ಇದ್ದರೆ ಅದರ ವಿಳಾಸ, ಸಮಯ, ಚಿತ್ರಗಳಿರುವ ಪುಟ ಇರಲಿ.

ಈ ಮಾಹಿತಿಯನ್ನೇ ಯಂತ್ರಕ್ಕೆ ನೇರವಾಗಿ ಒಪ್ಪಿಸುವ ವಿಧಾನ ರಚಿತ ದತ್ತಾಂಶ. 2011ರಲ್ಲಿ ಗೂಗಲ್, ಬಿಂಗ್, ಯಾಹೂ ಸೇರಿ ಆರಂಭಿಸಿದ ಸ್ಕೀಮಾ ಡಾಟ್ ಆರ್ಗ್‌ನ ಶಬ್ದಕೋಶವನ್ನು ಜೇಸನ್-ಎಲ್‌ಡಿ ರೂಪದಲ್ಲಿ ಪುಟಕ್ಕೆ ಸೇರಿಸುತ್ತಾರೆ. ಅಂಗಡಿಗೆ ಸ್ಥಳೀಯ ವ್ಯಾಪಾರದ ಬಗೆ: ಹೆಸರು, ವಿಳಾಸ, ದೂರವಾಣಿ, ತೆರೆದಿರುವ ಸಮಯ. ಸೀರೆಗೆ ಉತ್ಪನ್ನದ ಬಗೆ: ಹೆಸರು, ಚಿತ್ರ, ರೂಪಾಯಿಯಲ್ಲಿ ಬೆಲೆ, ದಾಸ್ತಾನು ಇದೆಯೇ ಎಂಬುದು. ಪುಟದಲ್ಲಿ ಕಾಣುವುದಕ್ಕೂ ಇಲ್ಲಿ ಬರೆಯುವುದಕ್ಕೂ ವ್ಯತ್ಯಾಸ ಇರಬಾರದು. ಇಲ್ಲದ ವಿಮರ್ಶೆಗಳ ನಕ್ಷತ್ರಗಳನ್ನು ಸೇರಿಸಬೇಡಿ. ಬರೆದದ್ದನ್ನು ಗೂಗಲ್‌ನ ರಿಚ್ ರಿಸಲ್ಟ್ಸ್ ಪರೀಕ್ಷೆಯಲ್ಲಿ ನೋಡಿ. ಗೂಗಲ್ ವ್ಯಾಪಾರ ಪ್ರೊಫೈಲ್‌ನಲ್ಲಿರುವ ಹೆಸರು, ವಿಳಾಸ, ದೂರವಾಣಿಗಳೂ ಅಕ್ಷರ ತಪ್ಪದೆ ಇದೇ ಆಗಿರಲಿ.

ಹೆಜ್ಜೆ 8: ವೇಗ

ಗೂಗಲ್ ಈಗ ತಾಣಗಳ ಮೊಬೈಲ್ ರೂಪವನ್ನೇ ಓದುತ್ತದೆ. ಕಂಪ್ಯೂಟರ್‌ನಲ್ಲಿ ಮಾತ್ರ ಕಾಣಿಸಿ ಮೊಬೈಲ್‌ನಲ್ಲಿ ಬಿಟ್ಟುಹೋದ ವಿವರಣೆ ಲೆಕ್ಕಕ್ಕಿಲ್ಲ. ವೇಗವನ್ನು ಅಳೆಯಲು ಮೂರು ಮಾನದಂಡಗಳಿವೆ. ಪರದೆಯ ಅತಿ ದೊಡ್ಡ ಭಾಗ 2.5 ಸೆಕೆಂಡಿನೊಳಗೆ ಮೂಡಬೇಕು. ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಪ್ರತಿಕ್ರಿಯೆ ಬರಬೇಕು. 2024ರ ಮಾರ್ಚ್‌ನಲ್ಲಿ ಹಳೆಯ ಅಳತೆಯ ಜಾಗಕ್ಕೆ ಇದು ಬಂತು. ಪುಟ ಮೂಡುವಾಗ ವಿನ್ಯಾಸ ಜಿಗಿಯುವ ಪ್ರಮಾಣ 0.1 ಮೀರಬಾರದು. ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ವಿಳಾಸ ಕೊಟ್ಟು ನೋಡಿ. ಹೊಸ ತಾಣಕ್ಕೆ ನಿಜ ಬಳಕೆದಾರರ ಅಂಕಿ ಇರುವುದಿಲ್ಲ, ಪ್ರಯೋಗದ ಅಂಕಿ ಮಾತ್ರ ಬರುತ್ತದೆ. ಅದರಲ್ಲಿ ನೂರಕ್ಕೆ ನೂರು ಪಡೆಯುವ ಹಟ ಬೇಡ.

ಸೀರೆಯ ತಾಣ ನಿಧಾನವಾಗುವುದು ಚಿತ್ರಗಳಿಂದ. ಮೊಬೈಲಿನಿಂದ ತೆಗೆದ ನಾಲ್ಕೈದು ಎಂಬಿ ಚಿತ್ರವನ್ನು ಹಾಗೆಯೇ ಏರಿಸಬೇಡಿ. ಅಗಲವನ್ನು 1200 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ ರೂಪಕ್ಕೆ ತಂದರೆ ಹಲವು ಪಟ್ಟು ಹಗುರವಾಗುತ್ತದೆ, ದಡಿಯ ಎಳೆಗಳೂ ಉಳಿಯುತ್ತವೆ. ಪ್ರತಿ ಚಿತ್ರಕ್ಕೂ ಉದ್ದ, ಅಗಲ ಬರೆಯಿರಿ, ಜಿಗಿತ ನಿಲ್ಲುತ್ತದೆ. ಕೆಳಗಿನ ಚಿತ್ರಗಳಿಗೆ ತಡವಾಗಿ ಮೂಡುವ ಲೇಜಿ ಲೋಡಿಂಗ್ ಸರಿ. ಮೊದಲ ಪರದೆಯ ದೊಡ್ಡ ಚಿತ್ರಕ್ಕೆ ಅದನ್ನು ಹಾಕಬಾರದು.

ಕನ್ನಡ ಫಾಂಟ್ ಎರಡನೆಯ ಹೊರೆ. ಒತ್ತಕ್ಷರಗಳ ಆಕಾರಗಳೆಲ್ಲ ಸೇರಿ ಕನ್ನಡ ಫಾಂಟ್ ಕಡತ ಲ್ಯಾಟಿನ್‌ಗಿಂತ ಸಾಮಾನ್ಯವಾಗಿ ಭಾರ. ಆಂಡ್ರಾಯ್ಡ್‌ನಲ್ಲಿ ನೋಟೊ ಸಾನ್ಸ್ ಕನ್ನಡ, ಈಚಿನ ವಿಂಡೋಸ್‌ನಲ್ಲಿ ನಿರ್ಮಲಾ ಯುಐ ಈಗಾಗಲೇ ಇವೆ. ಸಾಧನದಲ್ಲಿರುವುದನ್ನೇ ಬಳಸಿದರೆ ಒಂದು ಬೈಟ್ ಕೂಡ ಇಳಿಸಬೇಕಿಲ್ಲ. ಅಲಂಕಾರದ ಫಾಂಟ್ ಬೇಕೇ ಬೇಕೆಂದರೆ ತಲೆಬರಹಕ್ಕೆ ಒಂದು ತೂಕ ಮಾತ್ರ ಇರಲಿ, ಅದು ಬರುವ ತನಕ ಸಾಧನದ ಫಾಂಟ್‌ನಲ್ಲಿ ಪಠ್ಯ ಕಾಣುವಂತೆ ‘ಸ್ವಾಪ್’ ಸೂಚನೆ ಕೊಡಿ. ಹೋಸ್ಟಿಂಗ್ ಕೊಳ್ಳುವಾಗ ಮುಂಬೈನಲ್ಲಿ ಸರ್ವರ್ ಇದೆಯೇ ಎಂದು ವಿಚಾರಿಸಿ.

ಹೆಜ್ಜೆ 9: ಮುಂದಿನ ನಿಗಾ ಮತ್ತು ಮಾಲೀಕತ್ವ

ತಿಂಗಳಿಗೊಮ್ಮೆ ಸರ್ಚ್ ಕನ್ಸೋಲ್‌ನ ಪುಟಗಳ ವರದಿ ತೆರೆಯಿರಿ. ‘ಪತ್ತೆಯಾಗಿದೆ, ಸೂಚಿಯಲ್ಲಿಲ್ಲ’ ಎಂದರೆ ವಿಳಾಸ ಗೊತ್ತಿದೆ, ಬಾಟ್ ಇನ್ನೂ ಬಂದಿಲ್ಲ. ಒಳಗಿನ ಕೊಂಡಿಗಳನ್ನು ಬಲಪಡಿಸಿ. ‘ಕ್ರಾಲ್ ಆಗಿದೆ, ಸೂಚಿಯಲ್ಲಿಲ್ಲ’ ಎಂದರೆ ಬಾಟ್ ಓದಿಯೂ ಸೇರಿಸಿಕೊಂಡಿಲ್ಲ. ಬಹುತೇಕ ಸಂದರ್ಭಗಳಲ್ಲಿ ಪುಟದಲ್ಲಿ ಹೇಳುವಂಥದ್ದು ಸಾಲದು ಅಥವಾ ಬೇರೆ ಪುಟದ ನಕಲಿನಂತಿದೆ. ಅಲ್ಲಿ ಬೇಕಿರುವುದು ನೇಕಾರರೇ ಹೇಳಬಲ್ಲ ವಿವರ: ನೂಲು ಯಾವುದು, ಸೆರಗು ಕೂಡಿಸುವುದು ಹೇಗೆ, ಒಗೆಯುವುದು ಹೇಗೆ. ಹುಡುಕಾಟದ ಅಂಕಿಅಂಶಗಳು 16 ತಿಂಗಳವರೆಗೆ ಮಾತ್ರ ಉಳಿಯುವುದರಿಂದ ಆಗಾಗ ಇಳಿಸಿಟ್ಟುಕೊಳ್ಳಿ. ಹಬ್ಬ, ಮದುವೆಯ ಕಾಲವನ್ನು ಹಿಂದಿನ ವರ್ಷದೊಂದಿಗೆ ಹೋಲಿಸಲು ಅವು ಬೇಕಾಗುತ್ತವೆ. ಬಿಂಗ್‌ನ ವೆಬ್‌ಮಾಸ್ಟರ್ ಸಾಧನಕ್ಕೆ ಸರ್ಚ್ ಕನ್ಸೋಲ್‌ನಿಂದಲೇ ತಾಣವನ್ನು ತಂದುಕೊಳ್ಳಬಹುದು, ಕೆಲವೇ ನಿಮಿಷಗಳ ಕೆಲಸ.

ತಾಣವನ್ನು ಹೊಸದಾಗಿ ಕಟ್ಟಿಸುವ ದಿನ ಬಂದರೆ ಹಳೆಯ ವಿಳಾಸಗಳ ಪಟ್ಟಿ ತಯಾರಿಸಿ, ಪ್ರತಿಯೊಂದನ್ನೂ ಅದಕ್ಕೆ ಹೊಂದುವ ಹೊಸ ವಿಳಾಸಕ್ಕೆ 301ರಿಂದ ತಿರುಗಿಸಿ. ಆ ತಿರುವುಗಳನ್ನು ಕನಿಷ್ಠ ಒಂದು ವರ್ಷ ಉಳಿಸಿ.

ಕೊನೆಯದಾಗಿ ಡೊಮೇನ್. ಅದು ತಾಣ ಕಟ್ಟಿದವರ ಹೆಸರಿನಲ್ಲಿದ್ದು, ಅವರ ಫೋನ್ ಸಿಗದೆ ನವೀಕರಣ ತಪ್ಪಿ ಇಡೀ ತಾಣವೇ ಕೈಬಿಟ್ಟುಹೋದ ಸಂದರ್ಭಗಳನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಡೊಮೇನ್ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್‌ಗೆ ನೋಂದಣಿಯಾಗಿರಲಿ. ಸರ್ಚ್ ಕನ್ಸೋಲ್‌ನಲ್ಲಿಯೂ ವ್ಯಾಪಾರ ಪ್ರೊಫೈಲ್‌ನಲ್ಲಿಯೂ ಮಾಲೀಕರು ನೀವಾಗಿರಿ, ತಾಣ ಕಟ್ಟುವವರನ್ನು ಬಳಕೆದಾರರಾಗಿ ಸೇರಿಸಿ. ಕೆಲಸ ಮುಗಿದ ದಿನ ಆ ಅನುಮತಿಯನ್ನು ತೆಗೆದುಹಾಕಿ.